ದೊರೆ ನಿಂತ ಜಗಲಿ

ನಾನು ದೊರೆಯ ಹಗ್ಗ ಹಿಡಿದು ಬೀದಿಗಿಳಿದರೆ ಕೂತವರೆಲ್ಲ ಎದ್ದು ನಿಲ್ಲುತ್ತಾರೆ. ಪೇಪರ್ ಓದುತ್ತಿದ್ದವರು ಪೇಪರ್ ಸಮೇತ ಏಳುತ್ತಾರೆ, ಹೂ ಕಟ್ಟುವವಳು ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಏಳುತ್ತಾಳೆ, ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ತೂಕಡಿಸುತ್ತಿರುವ ಪರವೂರಿನವನನ್ನು ಪಕ್ಕದವರು ರಟ್ಟೆ ಹಿಡಿದು ಎಬ್ಬಿಸುತ್ತಾರೆ. ಇದು ಮರ್ಯಾದೆಗೆ ಎಂದು ನಾನೇನೂ ತಪ್ಪು ತಿಳಿದಿಲ್ಲ. ಎಂಬತ್ತು ಕೆಜಿ ದಾಟಿದ ಹೆಂಗಸು ಬೆಳಿಗ್ಗೆ ಬೆಳಿಗ್ಗೆ ನಾಯಿ ಹಿಡಿದು ಬರುತ್ತಿದ್ದಾಳೆ ಎಂದರೆ ನಮ್ಮೂರಿನಲ್ಲಿ ಬುದ್ಧಿ ಇರುವವರು ಯಾರೂ ಕೂತಿರುವುದಿಲ್ಲ. ನಾನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸೆರಗು ಸಿಕ್ಕಿಸಿ, ಕ್ಯಾನ್ವಾಸ್ ಶೂಸಿನ ಲೇಸು ಬಿಗಿದು, ಸೆಲ್ಯೂಟ್ ಸ್ವೀಕರಿಸುವವಳ ಹಾಗೆ ನಡುಬೀದಿಯಲ್ಲೇ ಹೋಗುತ್ತೇನೆ.

ನಮ್ಮಲ್ಲಿ ನಡೆದು ಕರಗಿಸಿದ್ದು ಸುಮ್ಮನೆ ಹೋಗುವುದಿಲ್ಲ. ಮೊದಲನೆಯದಾಗಿ ನಾಯಿ ಜೊತೆಗಿರಬೇಕು. ನಾಯಿಯಿಲ್ಲದೆ ಊರನ್ನು ಏಳು ಸುತ್ತು ಸುತ್ತಿದರೂ ಕಾಲು ನೋಯುತ್ತದೆಯೇ ಹೊರತು ಒಂದು ಗ್ರಾಂ ಇಳಿಯದು. ನಾಯಿಯ ಜೊತೆ ನಡೆದರೆ ಊರಿನ ಒಂದು ಪೂರ್ತಿ ಸುತ್ತಿಗೆ ಕಾಲು ಕೆಜಿ ಲೆಕ್ಕ ಹಾಕಿದ ಹಾಗೆ ಇಳಿಯುತ್ತದೆ. ಇಳಿದದ್ದು, ನಾಯಿ ಎಲ್ಲಿ ನಿಂತು ಕಾಲೆತ್ತುತ್ತದೋ ಅಲ್ಲಿ ಹತ್ತಿರದಲ್ಲಿ ಕೂತಿರುವವರ ಮೈಗೆ ಸೇರಿಕೊಳ್ಳುತ್ತದೆ. ನಿಂತವರಿಗೆ ತಾಕುವುದಿಲ್ಲ. ಯಾರೂ ಕೂತಿರದಿದ್ದರೆ ಗಿಡಮರಕ್ಕೆ ಹೋಗುತ್ತದೆ. ನಮ್ಮ ಬೀದಿಯ ಮೂಲೆಯ ಹೊಂಗೆಮರವನ್ನು ಮೂರು ಜನ ಕೈ ಜೋಡಿಸಿದರೂ ತಬ್ಬಲಾಗುವುದಿಲ್ಲ. ಹಗ್ಗ ಮಾತ್ರ ಯಾವಾಗಲೂ ಸಡಿಲವಾಗಿರಬೇಕು. ನಾಯಿಯನ್ನು ಎಳೆದು ನಿಲ್ಲಿಸಿದರೆ ಕರಗಿದ್ದೆಲ್ಲ ಹಿಡಿದವರಿಗೇ ವಾಪಸು ಬರುತ್ತದೆ, ಅದೂ ಸೊಂಟಕ್ಕೆ.

ಹಾಗಾಗಿ ಕ್ಷೌರದ ಅಂಗಡಿಯಲ್ಲಿ ಎಂಟು ಗಂಟೆಯವರೆಗೆ ನಿಲ್ಲಿಸಿಯೇ ಗಡ್ಡ ಹೆರೆಯುತ್ತಾರೆ. ಹೋಟೆಲಿನಲ್ಲಿ ಮೊದಲ ಇಡ್ಲಿಯನ್ನು ನಿಂತೇ ತಿನ್ನಬೇಕು. ಮೈ ಹತ್ತದ ಮಕ್ಕಳನ್ನು, ಬಾಣಂತಿಯರನ್ನು ಮಾತ್ರ ಮನೆಯವರು ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸುತ್ತಾರೆ, ನಾಯಿ ನಿಂತರೆ ಹಿಡಿದವರಿಗೆ ಎರಡು ಬಾಳೆಹಣ್ಣು ಕೊಟ್ಟು ಕಳಿಸುತ್ತಾರೆ. ಗಟ್ಟಿಯಾಗಿ ಓಡಾಡಿಕೊಂಡಿರುವ ದೊಡ್ಡವರು ಬೇಕೆಂದೇ ಕೂತರೆ ಅದು ಕೈಚಾಚಿದ ಹಾಗೆ ಎಂದು ನಮ್ಮ ಜನ ನೋಡುತ್ತಾರೆ. ಎದುರಿಗೆ ಏನೂ ಅನ್ನುವುದಿಲ್ಲ, ಆಮೇಲೆ ಅನ್ನುತ್ತಾರೆ.

ನಾನು ಮನೋರಮ, ಹೋಳಿಗೆ ಮಾಡಿ ಮಾರುವವಳು. ನನ್ನ ಹೋಳಿಗೆಯ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರಾದರೂ ಹೇಳುವವರೆಗೆ ಕಾಯುವ ಸ್ವಭಾವವೂ ನನ್ನದಲ್ಲ: ಈ ಊರಿನಲ್ಲಿ ಅಷ್ಟು ತೆಳುವಾಗಿ ಲಟ್ಟಿಸುವವರು ಇನ್ನೊಬ್ಬರಿಲ್ಲ. ಹೂರಣದ ಹದವನ್ನು ನಾಲಿಗೆಯಿಂದಲ್ಲದೆ ಇನ್ನಾವುದರಿಂದಲೂ ನೋಡಲಾಗುವುದಿಲ್ಲವಾದ್ದರಿಂದ ಬೆಳಿಗ್ಗೆ ಕಳೆದುಕೊಂಡದ್ದನ್ನು ಮಧ್ಯಾಹ್ನದೊಳಗೆ ತಂದುಕೊಳ್ಳುತ್ತಿದ್ದೆ. ಆರು ವರ್ಷ ತೂಕದ ಮಿಷನ್ನಿನ ಮುಳ್ಳು ಎಂಬತ್ತೊಂಬತ್ತು ಬಿಟ್ಟು ಅಲುಗಿರಲಿಲ್ಲ. ಸಕ್ಕರೆ ಕಾಯಿಲೆ ಬಾಗಿಲಲ್ಲೇ ನಿಂತಿದೆ, ನಾಯಿ ಹಿಡಿದು ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ನಡೆಯುತ್ತಿದ್ದೆ. ತಿನ್ನಬೇಡಿ ಎಂದೂ ಹೇಳಿದ್ದರು, ಅದನ್ನು ನಾನು ಅಷ್ಟಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ.

ದೊರೆ ನಮ್ಮ ನಾಯಿ. ಬೀದಿಯಲ್ಲಿ ಸಿಕ್ಕ ಮರಿ, ಕಂದು ಬಣ್ಣ, ಯಾರ ಮಾತಿಗೂ ಸೊಪ್ಪು ಹಾಕದ ಗತ್ತು. ಅವನ ಎಡಗಿವಿ ಮಡಚಿಕೊಂಡಿದೆ. ಹುಟ್ಟಿನಿಂದ ಬಂದದ್ದಲ್ಲ ಅದು, ನನ್ನ ಅಕ್ಕ ಎಸೆದ ಹಿತ್ತಾಳೆ ಚೊಂಬು ತಗುಲಿ ಆದದ್ದು.

ಅಕ್ಕನ ಹೆಸರು ಸುಲೋಚನ. ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಡ್ರಿಲ್ ಟೀಚರಾಗಿದ್ದವಳು. ಕುತ್ತಿಗೆಯಲ್ಲಿ ವಿಸಿಲ್, ಬೆನ್ನು ನೆಟ್ಟಗೆ. ಅವಳು ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. ಊಟಕ್ಕೂ ಅಡುಗೆಮನೆ ಕಟ್ಟೆಗೆ ಒರಗಿಕೊಂಡು ನಿಲ್ಲುವವಳು, ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿಯುವವಳು. ಭಾವ ತೀರಿಕೊಂಡ ಮೇಲೆ ಒಬ್ಬಳೇ ಮಗಳು ರೇವತಿಯನ್ನು ಹಾಗೆ ನಿಂತೇ ಬೆಳೆಸಿದಳು.

ಆರು ವರ್ಷದ ಹಿಂದೆ ರೇವತಿಯ ಮದುವೆಯಾಯಿತು. ಮದುವೆ ಮನೆಯಿರುವ ಬೀದಿಗೆ ಅಂದು ಯಾರೂ ನಾಯಿ ಹಿಡಿದು ಹೋಗುವುದಿಲ್ಲ, ನಮ್ಮೂರಿನಲ್ಲಿ ಅದೊಂದು ಮರ್ಯಾದೆ. ಆ ಧೈರ್ಯದಲ್ಲಿ ಮನೆಯವರು ರೇವತಿಯನ್ನು ಬೆಳಗಿನ ಬೆಳಕಿಗೆ ಜಗಲಿಯ ಮೇಲೆ ಕೂರಿಸಿ ಜಡೆ ಹೆಣೆಯುತ್ತಿದ್ದರು. ಮೈಗಂಟಿದ ಹಾಗೆ ಹೊಲಿದ ರೇಷ್ಮೆ ರವಿಕೆ ಆಗಲೇ ತೊಡಿಸಿಯಾಗಿತ್ತು. ನಾನು ದೊರೆಯ ಜೊತೆ ಅಲ್ಲಿಗೆ ಬಂದೆ. ಮೂರು ಸುತ್ತು ನಡೆದಿದ್ದೆ, ದೊರೆ ಅಲ್ಲಿಯವರೆಗೆ ಎಲ್ಲೂ ನಿಂತಿರಲಿಲ್ಲ. ಅಕ್ಕನ ಜಗಲಿಯ ಕಂಬದ ಹತ್ತಿರ ನಿಂತ, ಮೂಸಿದ, ಕಾಲೆತ್ತಿದ. ಮುಕ್ಕಾಲು ಕೆಜಿ ಒಂದೇ ಏಟಿಗೆ ಹುಡುಗಿಯ ತೋಳುಗಳಿಗೆ ಹೋಗಿ ಸೇರಿತು. ರವಿಕೆಯ ತೋಳು ಪರ್ರೆಂದು ಹರಿದ ಸದ್ದು ಓಲಗದವರಿಗೂ ಕೇಳಿಸಿತಂತೆ. ಅಕ್ಕ ಕೈಯಲ್ಲಿದ್ದ ಚೊಂಬನ್ನು ದೊರೆಯ ಕಡೆ ಬೀಸಿ ಎಸೆದಳು. ದರ್ಜಿ ದಾದಾಪೀರ್ ಓಡಿ ಬಂದು ಬೇರೆ ಬಣ್ಣದ ಪಟ್ಟಿ ಕೊಟ್ಟು ತೋಳು ಹೊಲಿದುಕೊಟ್ಟ. ಮದುವೆಯ ಒಂದು ಫೋಟೋದಲ್ಲೂ ರೇವತಿಯ ತೋಳು ಕಾಣುವುದಿಲ್ಲ, ಎಲ್ಲದರಲ್ಲೂ ಶಾಲು ಹೊದ್ದಿದ್ದಾಳೆ.

"ನಾಯಿ ನಿಂತರೆ ನಾನೇನು ಮಾಡಲಿ?" ಎಂದೆ ನಾನು ಅಂದು. ಆರು ವರ್ಷ ಕೇಳಿದವರಿಗೆಲ್ಲ ಅದನ್ನೇ ಹೇಳಿದೆ. ಎಲ್ಲರೂ ಹೌದೆಂದರು, ಯಾಕೆಂದರೆ ನಾಯಿ ನಿಲ್ಲುವುದು ನಾಯಿಯ ಇಷ್ಟ. ಅಕ್ಕ ಮಾತ್ರ ಮಾತು ಬಿಟ್ಟಳು. ನಾನೂ ಬಿಟ್ಟೆ.

ಕಳೆದ ಮಾಘದಲ್ಲಿ ಒಂದು ಬೆಳಿಗ್ಗೆ ರೇವತಿ ಗಂಡನ ಊರಿನಿಂದ ಫೋನ್ ಮಾಡಿದಳು. ಅವಳು ನನ್ನ ಜೊತೆ ಯಾವತ್ತೂ ಮಾತು ಬಿಟ್ಟವಳಲ್ಲ.

"ಚಿಕ್ಕಮ್ಮ, ಅಮ್ಮಂಗೆ ಪಿತ್ತಕೋಶದಲ್ಲಿ ಕಲ್ಲು. ಆಪರೇಷನ್ ಮಾಡ್ಲೇಬೇಕಂತೆ. ಆದ್ರೆ ಜ್ವರ ಬಂದು ಬಂದು ಮೂವತ್ತೆಂಟು ಕೆಜಿಗೆ ಇಳಿದುಬಿಟ್ಟಿದ್ದಾಳೆ. ನಲವತ್ತೈದು ಆಗೋವರೆಗೂ ಮೈಗೆ ಕತ್ತಿ ಮುಟ್ಟಿಸಲ್ಲ ಅಂತಿದ್ದಾರೆ ಡಾಕ್ಟ್ರು. ಮೂವತ್ತು ದಿನಕ್ಕಿಂತ ಜಾಸ್ತಿ ಕಾಯೋಕೂ ಆಗಲ್ವಂತೆ."

"ತಿನ್ನಿಸೋಕೆ ಏನು ರೋಗ?" ಎಂದೆ.

"ಎರಡು ತುತ್ತು ಉಣ್ತಾಳೆ, ವಾಂತಿ ಮಾಡ್ತಾಳೆ. ನಾನು ಇಲ್ಲಿಗೆ ಕರ್ಕೊಂಡು ಬಂದ್ರೆ ಈ ಊರಲ್ಲಿ ನಿಮ್ಮೂರಿನ ಥರ ಏನೂ ನಡೆಯಲ್ಲ. ಜಗಲಿ ಮೇಲೆ ಕೂತ್ಕೊಳ್ಳಮ್ಮ ಅಂದ್ರೆ ಫೋನ್ ಇಟ್ಟುಬಿಡ್ತಾಳೆ. ಈಗ ನಿಲ್ಲೋಕೆ ಶಕ್ತಿ ಇಲ್ದೆ ಒಳಗೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಕಾಫಿ ಕುಡೀತಾಳೆ, ಅದೂ ಬಾಗಿಲು ಹಾಕ್ಕೊಂಡು. ನೀವು ಏನಾದ್ರೂ ಮಾಡಿ ಚಿಕ್ಕಮ್ಮ." ಅವಳು ಅಳತೊಡಗಿದಳು.

"ಅಳಬೇಡ. ಏಳು ಕೆಜಿ ತಾನೇ? ನನ್ನ ಹತ್ರ ದಂಡಿಯಾಗಿದೆ," ಎಂದು ಫೋನಿಟ್ಟೆ. ಅಕ್ಕ ಕುರ್ಚಿಯಲ್ಲಿ ಕೂತಿದ್ದಾಳೆ ಎಂಬುದನ್ನು ನನ್ನಿಂದ ಸಹಿಸಲಾಗಲಿಲ್ಲ. ಆರು ವರ್ಷದ ಸಿಟ್ಟು ಆ ಒಂದು ಮಾತಿಗೆ ಎಲ್ಲಿ ಹೋಯಿತೋ ತಿಳಿಯದು, ಹೆದರಿಕೆಯೊಂದೇ ಉಳಿಯಿತು.

ಆದರೆ ನಾನು ಹೆದರಿಕೆ ಇಟ್ಟುಕೊಂಡು ಕೂರುವವಳಲ್ಲ. ಮರುದಿನವೇ ಹೊರಟೆ. ತೊಡಕು ಇದ್ದದ್ದು ದೊರೆಯಲ್ಲಿ. ಅಕ್ಕನ ಬೀದಿಯ ತಿರುವಿಗೆ ಬಂದದ್ದೇ ಅವನು ನಿಂತ, ಮಡಚಿದ ಕಿವಿಯನ್ನು ಇನ್ನಷ್ಟು ಮಡಚಿಕೊಂಡ, ಎದುರು ಬೀದಿಗೆ ತಿರುಗಿಬಿಟ್ಟ. ಎರಡನೆಯ ದಿನ ಬೆಣ್ಣೆ ಬಿಸ್ಕತ್ತು ತೋರಿಸುತ್ತ ನಾನು ಹಿಂದಕ್ಕೆ ಹಿಂದಕ್ಕೆ ನಡೆದು ಒಂದು ಮೋರಿಗೆ ಕಾಲು ಹಾಕಿದೆ. ದೊರೆ ಬಿಸ್ಕತ್ತು ತಿಂದು ಎದುರು ಬೀದಿಗೇ ಹೋದ. ಎಳೆಯುವಂತಿಲ್ಲ, ಎಳೆದರೆ ನನಗೇ ವಾಪಸು.

ನಮ್ಮ ಯಜಮಾನರು ಟೈಪಿಂಗ್ ಕಲಿಸುತ್ತಿದ್ದವರು, ಮಾತು ಕಡಿಮೆ, ಆಡಿದರೆ ಚುಚ್ಚುವ ಹಾಗೆ ಆಡುತ್ತಾರೆ. "ನಿನ್ನನ್ನೇ ನೀನು ಒಂದು ಡಬ್ಬಿಯಲ್ಲಿ ಹಾಕಿ ಕಳಿಸೋಕೆ ಆಗಲ್ವಲ್ಲ, ಪಾಪ," ಎಂದರು.

"ಸುಮ್ನಿರಿ, ನಂಗೆ ಉಪಾಯ ಗೊತ್ತು," ಎಂದೆ. ಗೊತ್ತಿತ್ತು ಕೂಡ. ದೊರೆ ಹೋಗದಿದ್ದರೆ ಬೇಡ, ಊರಿನಲ್ಲಿ ಬೇರೆ ನಾಯಿಗಳಿಲ್ಲವೇ? ಅಕ್ಕನ ಕಾಫಿ ಕುರ್ಚಿಗೂ ಜಗಲಿಯ ಕಂಬಕ್ಕೂ ನಡುವೆ ಒಂದು ಗೋಡೆ, ಒಂದು ಕಿಟಕಿ. ಹತ್ತಿರದಲ್ಲಿ ಕೂತವರು ಎಂದಮೇಲೆ ಒಳಗಾದರೇನು, ಹೊರಗಾದರೇನು? ಅವಳಿಗೆ ತಿಳಿಯುವುದೂ ಬೇಡ, ಕೈಚಾಚಿದ ಅವಮಾನವೂ ಬೇಡ. ಮಧ್ಯಾಹ್ನ ಅವಳು ಮಲಗುವ ಹೊತ್ತಿಗೆ ಹೋಗಿ ಕಂಬದ ಬುಡಕ್ಕೆ ಹೋಳಿಗೆಗೆ ಕಾಯಿಸಿದ ತುಪ್ಪವನ್ನು ಚೆನ್ನಾಗಿ ಸವರಿ ಬಂದೆ. ಮರುದಿನ ತಿರುವಿನಲ್ಲಿ ನಿಂತು ನೋಡಿದೆ; ಅಲ್ಲಿಂದ ಕಂಬ ಕಾಣುತ್ತದೆ, ಜಗಲಿಯ ಒಳಮೂಲೆ ಕಾಣುವುದಿಲ್ಲ. ಒಂದರ ಹಿಂದೆ ಒಂದು ಮೂರು ನಾಯಿಗಳು ಬಂದವು, ಕಂಬ ಮೂಸಿದವು, ನೆಕ್ಕಿದವು, ಕಾಲೆತ್ತಿದವು. ಹಿಡಿದುಕೊಂಡವರಿಗೆ ಅಚ್ಚರಿ. ನನಗೆ ಆನಂದ. ಹಾಗೆ ಎಂಟು ದಿನ ತುಪ್ಪ ಸವರಿದೆ. ಅಷ್ಟರಲ್ಲಿ ಅಕ್ಕನಿಗೆ ನಾಲ್ಕು ಕೆಜಿಯಾದರೂ ಏರಿರಬೇಕು ಎಂದು ಖುಷಿಯಿಂದ ರೇವತಿಗೆ ಫೋನೂ ಮಾಡಿ ಹೇಳಿಬಿಟ್ಟೆ.

ಒಂಬತ್ತನೆಯ ದಿನ ನಮ್ಮ ಮನೆಯ ಬಾಗಿಲಿಗೆ ದಾದಾಪೀರ್ ಬಂದ. ಅಕ್ಕನ ಜಗಲಿಯ ಒಂದು ಮೂಲೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿರುವವನು ಅವನು. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡರೆ ಟೇಪೇ ದಪ್ಪ ಕಾಣುವಂಥ ಆಳು. ಆ ದಿನ ಅವನ ಶರ್ಟಿನ ಗುಂಡಿಗಳು ಒಂದೊಂದೂ ಎಳೆದುಕೊಂಡು ನಿಂತಿದ್ದವು. ಕೆನ್ನೆ ತುಂಬಿಕೊಂಡಿತ್ತು.

"ಮನೋರಮಕ್ಕ, ನನ್ನ ಹೊಟ್ಟೆ ಮಿಷನ್ನಿಗೆ ತಾಗ್ತಾ ಇದೆ. ಎಂಟು ದಿನಕ್ಕೆ ಆರು ಕೆಜಿ. ಮನೆಯಲ್ಲಿ ಹೆಂಡ್ತಿ ಎಲ್ಲಿ ತಿನ್ಕೊಂಡು ಬರ್ತಿದ್ದೀರ ಅಂತ ಕೇಳ್ತಾಳೆ."

"ನೀವು ಒಂಬತ್ತು ಗಂಟೆಗಲ್ವಾ ದಾದಣ್ಣ ಬರೋದು?"

"ಲಗ್ನದ ಕಾಲ ಅಲ್ವಾ, ಕೆಲ್ಸ ಜಾಸ್ತಿ. ಆರು ಗಂಟೆಗೇ ಬಂದು ಕೂರ್ತಿದ್ದೆ. ಆ ಬೀದೀಲಿ ನಾಯಿ ನಿಂತಿದ್ದೇ ಇಲ್ಲ ಈ ಆರು ವರ್ಷ, ಅದಕ್ಕೇ ತಲೆ ಎತ್ತಿ ನೋಡ್ಲಿಲ್ಲ. ನೋಡಿದವ್ರು, ಕಡೆಗೂ ಇವನಿಗೆ ಬುದ್ಧಿ ಬಂತು, ಮೈ ಹತ್ಲಿ ಅಂತ ಬೇಕಂತಲೇ ಕೂತಿದ್ದಾನೆ ಅಂದ್ಕೊಂಡ್ರಂತೆ. ಇವತ್ತು ಕಂಬ ಮುಟ್ಟಿ ನೋಡಿದೆ. ಈ ತುಪ್ಪದ ವಾಸನೆ ಊರಲ್ಲಿ ಇನ್ಯಾರ ಮನೇದೂ ಅಲ್ಲ." ಅವನು ನಗಲಿಲ್ಲ. "ಟೀಚರಮ್ಮಂಗೂ ಹೇಳಿದೆ. ಅವ್ರು ನಿಮ್ಮನ್ನ ಕರೀತಿದ್ದಾರೆ."

ಅಕ್ಕನಿಗೆ ಸೇರಬೇಕಾದದ್ದೆಲ್ಲ ದರ್ಜಿಯ ಹೊಟ್ಟೆಗೆ ಹೋಗಿತ್ತು. ನೋಡುತ್ತ ನೋಡುತ್ತ ಹತ್ತು ದಿನ ಕಳೆದಿತ್ತು. ಇನ್ನು ಉಳಿದದ್ದು ಇಪ್ಪತ್ತು.

ಅಕ್ಕ ಜಗಲಿಯ ಮೇಲೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಆರು ವರ್ಷದಲ್ಲಿ ಅಷ್ಟು ಹತ್ತಿರದಿಂದ ಅವಳನ್ನು ನೋಡಿದ್ದು ಅದೇ ಮೊದಲು. ಕೈಬಳೆಗಳು ಮೊಳಕೈಯವರೆಗೆ ಜಾರಿದ್ದವು. ಸೀರೆಯ ಒಳಗೆ ಅವಳು ಎಲ್ಲಿದ್ದಾಳೆ ಎಂದು ಹುಡುಕುವ ಹಾಗಿತ್ತು. ಬೆನ್ನು ಮಾತ್ರ ಹಾಗೇ ನೆಟ್ಟಗಿತ್ತು.

"ಏನೇ ಮನು, ಆರು ವರ್ಷ ಆದ್ಮೇಲೆ ನನ್ನ ಮನೆ ಕಂಬಕ್ಕೆ ತುಪ್ಪ ಹಚ್ಚೋಕೆ ಬಂದ್ಯಾ?"

"ಹೌದು. ನಿಂಗೆ ಏಳು ಕೆಜಿ ಬೇಕು. ನನ್ನ ಮೈಯಲ್ಲಿ ಬೇಕಾದಷ್ಟಿದೆ."

"ನಾನು ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಎದ್ದು ನಿಲ್ಲೋದು ಕಲಿಸಿದೋಳು. ಬೀದಿಗೆ ಮುಖ ಮಾಡಿ ಕೂತು ಕಂಡೋರ ಕೊಬ್ಬಿಗೆ ಕಾಯಲ್ಲ."

"ಕಂಡೋರದಲ್ಲ ಅಕ್ಕ, ನಂದು."

"ನಿಂದಾದ್ರಂತೂ ಬೇಡ್ವೇ ಬೇಡ. ಒಂದ್ಸಲ ಬಂದಿತ್ತಲ್ಲ ನಿನ್ನ ಕೊಬ್ಬು ಈ ಮನೆಗೆ. ನನ್ನ ಮಗಳು ಮದುವೆ ಮಂಟಪದಲ್ಲಿ ಶಾಲು ಹೊದ್ಕೊಂಡು ಕೂತಳು."

ನನ್ನ ನಾಲಿಗೆಯ ತುದಿಗೆ ಹಳೆಯ ಮಾತೇ ಬಂತು: ನಾಯಿ ನಿಂತರೆ ನಾನೇನು ಮಾಡಲಿ. ಅಷ್ಟು ವರ್ಷ ಹೇಳಿ ಹೇಳಿ ನನಗೂ ಅದು ನಿಜವೇ ಆಗಿಹೋಗಿತ್ತು. ಆದರೆ ಅವಳ ಕೈಯ ಬಳೆ ಮೊಳಕೈಯಲ್ಲಿ ನಿಂತದ್ದನ್ನು ನೋಡುತ್ತ ಆ ಮಾತು ಹೊರಬರಲಿಲ್ಲ. ನಿಜವನ್ನು ನಾನು ನಮ್ಮ ಯಜಮಾನರಿಗೂ ಹೇಳಿರಲಿಲ್ಲ.

"ಅಕ್ಕ, ಆವತ್ತು ತಿರುವಿನಲ್ಲಿ ದೊರೆ ನಿಂತು ನನ್ನ ಮುಖ ನೋಡಿದ. ಮರಿ ಅವನು, ನಾನು ಹೆಜ್ಜೆ ಇಟ್ಟ ಕಡೆ ಬರ್ತಿದ್ದ. ನಾನೇ ನಿನ್ನ ಬೀದಿಗೆ ಮೊದಲು ಹೆಜ್ಜೆ ಇಟ್ಟೆ. ನಿನ್ನ ಕಂಬಕ್ಕೆ ಅವನು ನಿಂತೇ ನಿಲ್ತಾನೆ ಅಂತಾನೂ ಗೊತ್ತಿತ್ತು, ದಿನಾ ನಿಲ್ತಿದ್ನಲ್ಲ. ಗೊತ್ತಿದ್ದೇ ಬಂದೆ."

ಜಗಲಿಯ ಮೂಲೆಯಲ್ಲಿ ದಾದಾಪೀರ್ ಮಿಷನ್ನಿನ ಚಕ್ರ ಹಿಡಿದು ನಿಲ್ಲಿಸಿದ.

"ಯಾಕೆ?" ಎಂದಳು ಅಕ್ಕ.

"ಹಿಂದಿನ ದಿನ ಬಳೆ ಶಾಸ್ತ್ರದ ಫೋಟೋಗೆ ಎಲ್ರೂ ನಿಂತಿದ್ವಿ. ಮನು, ನೀನು ಪಕ್ಕಕ್ಕೆ ಹೋಗೇ, ನೀನು ನಿಂತ್ರೆ ಬೇರೆ ಯಾರೂ ಕಾಣಲ್ಲ ಅಂದೆ ನೀನು. ಬೀಗರ ಕಡೆಯೋರೆಲ್ಲ ನಕ್ರು. ನಾನೂ ನಕ್ಕೆ. ಹೋಗಿ ಅಡುಗೆಮನೇಲಿ ಹೋಳಿಗೆ ಹಿಟ್ಟು ನಾದಿದೆ. ಮುನ್ನೂರು ಹೋಳಿಗೆ ಮಾಡಿದ್ದೆ ನಿನ್ನ ಮಗಳ ಮದುವೆಗೆ."

"ಫೋಟೋಗಾ?"

"ಫೋಟೋಗೇ. ಆದ್ರೆ ರೇವತಿ ಜಗಲಿ ಮೇಲೆ ಕೂತಿರ್ತಾಳೆ ಅಂತ ಗೊತ್ತಿರ್ಲಿಲ್ಲ ಅಕ್ಕ, ನಿನ್ನಾಣೆ. ನೀನು ಕೂತಿರ್ತೀಯೇನೋ ಅಂದ್ಕೊಂಡೆ."

ಆ ಮಾತು ಎಷ್ಟು ಪೆದ್ದು ಎಂದು ಆಡಿದ ಮೇಲೆ ತಿಳಿಯಿತು. ಜನ್ಮದಲ್ಲಿ ಕೂರದವಳನ್ನು ಮದುವೆಯ ದಿನ ಕೂತಿರುತ್ತಾಳೆ ಎಂದು ಎಣಿಸಿದ್ದೆನಲ್ಲ. ಅಕ್ಕನಿಗೂ ಅದೇ ಹೊಳೆದಿರಬೇಕು, ಅವಳ ತುಟಿ ಒಂದು ಕಡೆಗೆ ಎಳೆದುಕೊಂಡಿತು.

"ಇದನ್ನ ಆವತ್ತೇ ಹೇಳಿದ್ರೆ ನಾನು ಚೊಂಬನ್ನ ಆ ನಾಯಿಗೆ ಎಸೀತಿರ್ಲಿಲ್ಲ," ಎಂದಳು.

"ಮತ್ತೆ?"

"ನಿಂಗೆಸೀತಿದ್ದೆ." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ದಾದಾಪೀರನ ಕಡೆ ನೋಡಿದೆ. ಅವನು ಸೂಜಿಗೆ ನೂಲು ಪೋಣಿಸುವ ನೆಪ ಮಾಡುತ್ತಿದ್ದ. "ಹೋಗಿ ಮನೋರಮಕ್ಕ, ನಾಳೆ ಬನ್ನಿ," ಎಂದು ಮಾತ್ರ ಹೇಳಿದ.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ, ಕಾಯಿಸಿ ಸತಾಯಿಸುವುದು ನನಗೆ ಆಗಿಬರುವುದಿಲ್ಲ. ಅಕ್ಕನಿಗೆ ಆಪರೇಷನ್ ಆಯಿತು. ಮೂರು ಕಲ್ಲು ತೆಗೆದರು, ಅವನ್ನು ಹಳೆಯ ಹೋಮಿಯೋಪತಿ ಸೀಸೆಯಲ್ಲಿ ಹಾಕಿಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಾಳೆ. ಮೂವತ್ತನೆಯ ದಿನ ಅವಳ ತೂಕ ನಲವತ್ತಾರು ಇತ್ತು. ಹೆಚ್ಚಿನ ಒಂದು ಕೆಜಿ ದಾದಾಪೀರನದು. ಎರಡನೆಯ ದಿನದಿಂದ ಅವನೇ ನನ್ನ ಕೈಯಿಂದ ಹಗ್ಗ ಇಸಿದುಕೊಂಡು, "ಇದು ಟೀಚರಮ್ಮಂದೇ, ನನ್ನ ಹತ್ರ ತಪ್ಪಿ ಬಂದಿತ್ತು," ಎಂದು ನಾಲ್ಕು ದಿನ ದಿನಕ್ಕೊಂದು ಸುತ್ತು ನಡೆದ. ನನ್ನ ಮುಳ್ಳು ಈಗ ಎಂಬತ್ತೆರಡರಲ್ಲಿದೆ. ಹೂರಣದ ಹದವನ್ನು ಈಗ ನಮ್ಮ ಯಜಮಾನರು ನೋಡುತ್ತಾರೆ, ಅವರ ಹೊಟ್ಟೆಯ ವಿಚಾರ ಇನ್ನೊಂದು ಸಲ ಹೇಳುತ್ತೇನೆ. ಇವೆಲ್ಲ ಊರಿಗೇ ಗೊತ್ತಿರುವ ಸಂಗತಿ. ನಾನು ಹೇಳಹೊರಟದ್ದು ಆ ಮೊದಲನೆಯ ಬೆಳಗ್ಗೆಯದು, ಅದನ್ನು ನೋಡಿದವರು ನಾವು ಮೂರು ಜನ, ದೊರೆಯೂ ಸೇರಿದರೆ ನಾಲ್ಕು.

ಬಾಗಿಲು ಹಾಕಿಕೊಂಡ ಮರುದಿನ ನಾನು ಆರು ಗಂಟೆಗೆ ಹೊರಟೆ. ರಾತ್ರಿಯೆಲ್ಲ ಬಿದ್ದ ಇಬ್ಬನಿಗೆ ಬೀದಿ ಒದ್ದೆಯಾಗಿತ್ತು. ಜನ ಎಂದಿನಂತೆ ಎದ್ದು ನಿಂತರು, ನನಗೆ ಅವತ್ತು ಯಾರ ಸೆಲ್ಯೂಟೂ ಬೇಡವಾಗಿತ್ತು. ಪೂರ್ತಿ ಒಂದು ಸುತ್ತು ನಡೆದೆವು. ಹೊಂಗೆಮರದ ಹತ್ತಿರ ದೊರೆ ನಿಲ್ಲಲು ನೋಡಿದ. "ಇಲ್ಲಿ ಬೇಡ ಕಣೋ, ದಮ್ಮಯ್ಯ," ಎಂದು ಅವನಿಗೆ ಕೈಮುಗಿದೆ, ನಿಜವಾಗಿ ಎರಡೂ ಕೈ ಮುಗಿದೆ, ಹಗ್ಗ ಹೆಬ್ಬೆರಳಿಗೆ ಸುತ್ತಿಕೊಂಡು. ಅವನು ನನ್ನನ್ನು ವಿಚಿತ್ರವಾಗಿ ನೋಡಿ ಮುಂದೆ ನಡೆದ.

ಅಕ್ಕನ ಬೀದಿಯ ತಿರುವು ಬಂತು. ದೊರೆ ನಿಂತ. ಕಿವಿ ಮಡಚಿಕೊಂಡ. ಅಂದು ನಾನು ಮೊದಲು ಹೆಜ್ಜೆ ಇಡಲಿಲ್ಲ. ಆರು ವರ್ಷದ ಹಿಂದೆ ಇಟ್ಟದ್ದು ಸಾಕಾಗಿತ್ತು. ಹಗ್ಗವನ್ನು ನೆಲಕ್ಕೆ ತಾಗುವಷ್ಟು ಸಡಿಲ ಬಿಟ್ಟು ಸುಮ್ಮನೆ ನಿಂತೆ.

ಆಗ ಬೀದಿಯ ಆ ಕಡೆಯಿಂದ ವಿಸಿಲ್ ಕೇಳಿತು. ಉಸಿರು ಸಾಲದ ಸಣ್ಣ ವಿಸಿಲ್, ಆದರೂ ಊರಿನ ಅರ್ಧ ಹೆಣ್ಣುಮಕ್ಕಳನ್ನು ಸಾಲಿಗೆ ನಿಲ್ಲಿಸಿದ್ದ ಅದೇ ವಿಸಿಲ್. ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. "ಬೆನ್ನು ನೆಟ್ಟಗೆ ಮಾಡ್ಕೊಂಡು ನಡಿಯೇ! ಹೀಗೆ ಮುದುಡ್ಕೊಂಡು ನಡೆದ್ರೆ ಏನು ಕರಗತ್ತೆ? ಎಡ, ಬಲ, ಎಡ!"

ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ದೊರೆಗೆ ಡ್ರಿಲ್ ಗೊತ್ತಿಲ್ಲ, ಅವನು ನಿಂತಲ್ಲೇ ನಿಂತ. ಅಕ್ಕ ಒಂದು ಕ್ಷಣ ಅವನನ್ನು ನೋಡಿ ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಅದೇ ಹಿತ್ತಾಳೆ ಚೊಂಬು. ಅದನ್ನು ನೋಡಿದ್ದೇ ದೊರೆ ಹೊಟ್ಟೆಯನ್ನು ನೆಲಕ್ಕೆ ತಾಗಿಸಿ, ಬಾಲ ಒಳಗೆಳೆದು ಕುಂಯ್‌ಗುಟ್ಟಿದ. ನನಗೆ ಕಣ್ಣು ತುಂಬಿ ಬಂತು. ಮುಗಿಯಿತು, ಇನ್ನು ಇವನು ಈ ಜನ್ಮದಲ್ಲಿ ಈ ಬೀದಿಗೆ ಬರುವುದಿಲ್ಲ ಎಂದುಕೊಂಡೆ.

ಅಕ್ಕ ಎರಡು ಕೈಯಲ್ಲಿ ಚೊಂಬು ಹಿಡಿದು ಜಗಲಿಯಿಂದ ಮೆಟ್ಟಿಲಿಳಿದಳು. ಮೂರೇ ಮೆಟ್ಟಿಲು, ಮೂರಕ್ಕೂ ನಿಂತು ನಿಂತು ಇಳಿದಳು. ದಾದಾಪೀರ್ ಹಿಡಿದುಕೊಳ್ಳಲು ಬಂದ, ಕಣ್ಣಲ್ಲೇ ಅವನನ್ನು ಅಲ್ಲೇ ನಿಲ್ಲಿಸಿದಳು. ಕಂಬದ ಬುಡದಲ್ಲಿ ಬಗ್ಗಿ ಚೊಂಬನ್ನು ನೆಲದ ಮೇಲಿಟ್ಟಳು. ತುಂಬ ನೀರುಮಜ್ಜಿಗೆ ಇತ್ತು. ಇಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದು, ಬರಿಗೈಗಳನ್ನು ದೊರೆಗೆ ಕಾಣುವ ಹಾಗೆ ಅಗಲಿಸಿ ತೋರಿಸಿದಳು.

"ಬಾರೋ," ಎಂದಳು. "ತಪ್ಪು ನಿಂದಲ್ವಂತೆ. ನಿನ್ನ ಯಜಮಾನ್ತಿ ಹೇಳಿದ್ಲು."

ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ. ಹಾಲಿನವನು ಸೈಕಲ್ ಇಳಿದು, ತಳ್ಳಿಕೊಂಡು, ಬೇರೆ ದಾರಿ ಹಿಡಿದ. ನನ್ನ ಕೈಯಲ್ಲಿ ಹಗ್ಗ ಸರಿದ ಹಾಗಾಯಿತು. ದೊರೆ ಒಂದು ಹೆಜ್ಜೆ ಇಟ್ಟಿದ್ದ. ಮತ್ತೊಂದು ಇಟ್ಟ. ಗೋಡೆಗೆ ಅಂಟಿಕೊಂಡೇ ಹೋಗಿ ಚೊಂಬನ್ನು ದೂರದಿಂದ ಮೂಸಿದ, ಹಿಂದೆ ಹಾರಿದ, ಮತ್ತೆ ಹೋಗಿ ಮೂಸಿದ. ಆಮೇಲೆ ಮೂತಿ ತೂರಿಸಿ ಮಜ್ಜಿಗೆ ಕುಡಿಯತೊಡಗಿದ. ಆ ಸದ್ದು ಇಡೀ ಬೀದಿಗೆ ಕೇಳುತ್ತಿತ್ತು. ಬುಡದವರೆಗೆ ಕುಡಿದು, ಮೂತಿಯಲ್ಲಿ ಬಿಳಿ ಮೀಸೆ ಅಂಟಿಸಿಕೊಂಡು, ಕಂಬವನ್ನು ಸುತ್ತಿ ಮೂಸತೊಡಗಿದ. ಹಳೆಯ ಜಾಗ ಅವನಿಗೆ ನೆನಪಿಗೆ ಬಂದಿರಬೇಕು.

"ದಾದಣ್ಣಾ!" ಎಂದು ನಾನು ಕಿರುಚಿದೆ. ದಾದಾಪೀರ್ ಆಗಲೇ ಸ್ಟೂಲನ್ನು ಹಿಂದಕ್ಕೆ ಒದ್ದು ಎದ್ದು ನಿಂತಿದ್ದ, ಎರಡು ಕೈಯನ್ನೂ ಮೇಲೆತ್ತಿಕೊಂಡು. ಇನ್ನು ಬೀದಿಯಲ್ಲಿ ಕೂತವರು ಯಾರೂ ಇರಲಿಲ್ಲ. ಜಗಲಿಯ ಪಕ್ಕ ದಾಸವಾಳದ ಗಿಡವೊಂದು ಇತ್ತು. ಅಕ್ಕ ನಿಂತಿದ್ದಳು, ಒಂದು ಕೈ ಕಂಬದ ಮೇಲೆ.

"ಅಕ್ಕ," ಎಂದೆ. ಭಿಕ್ಷೆ ಅಲ್ಲ ಅನ್ನಬೇಕೆಂದಿದ್ದೆ, ತಂಗಿಯದು ಅನ್ನಬೇಕೆಂದಿದ್ದೆ, ರಾತ್ರಿಯೆಲ್ಲ ಎಂಥೆಂಥ ಮಾತು ಜೋಡಿಸಿಟ್ಟುಕೊಂಡಿದ್ದೆ. "ಅಕ್ಕ, ನೀನಿಲ್ದೆ ಇದ್ರೆ ನಂಗೆ ಆಗಲ್ಲ ಕಣೇ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಸಾಲಿನಲ್ಲಿ ಯೂನಿಫಾರ್ಮು ಸರಿಯಿದೆಯೇ ಎಂದು ನೋಡುವ ಹಾಗೆ. ದೊರೆ ಹಿಂಗಾಲನ್ನು ಎತ್ತುವ ಮುಂಚೆ ಒಂದು ಸಲ ತಲೆ ತಿರುಗಿಸಿ ಅವಳ ಕಡೆ ನೋಡಿದ. ಅಕ್ಕ ಸೆರಗನ್ನು ಒಟ್ಟು ಮಾಡಿಕೊಂಡಳು, ಜಗಲಿಯ ಅಂಚನ್ನು ಕೈಯಿಂದ ತಡವಿದಳು, ಆ ಕಲ್ಲು ಎಲ್ಲಿದೆ ಎಂದು ಗೊತ್ತಿಲ್ಲದವಳ ಹಾಗೆ. ಆಮೇಲೆ, ಊರೆಲ್ಲ ಎದ್ದು ನಿಂತಿದ್ದ ಆ ಹೊತ್ತಿನಲ್ಲಿ, ಬೀದಿಗೆ ಮುಖ ಮಾಡಿ ಕೂತಳು.

ದೊರೆ ಕಾಲೆತ್ತಿದ. ಅವಳ ಬಳೆಗಳು ಮೊಳಕೈಯಿಂದ ಜಾರಿ ಮಣಿಕಟ್ಟಿನ ಹತ್ತಿರ ಬಂದು ನಿಂತವು. ಅವಳು ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಇಷ್ಟೇನಾ?" ಎಂದಳು ಅಕ್ಕ. "ನಾಳೆ ಇನ್ನೊಂದು ಸುತ್ತು ಜಾಸ್ತಿ ನಡಿ."